ಜಾಗಟೆ ಗುಂಡಗಾಗುವವರೆಗೆ

ಯಾರು ಹಳೇ ವಿಡಿಯೊ ತಂದುಕೊಟ್ಟರೂ ಮ್ಯೋಂಗ್‌ಹೀ ಮೊದಲು ಅದರಲ್ಲಿ ಗುಂಡಗಿನದೇನಾದರೂ ಇದೆಯೇ ಎಂದು ಹುಡುಕುತ್ತಾಳೆ. ಸೈಕಲ್ ಚಕ್ರ, ಅನ್ನದ ಬಟ್ಟಲು, ಏನಾದರೂ ಸರಿ. ಮದುಮಗಳ ಮುಖ ಆಮೇಲೆ.

ಇಂಚನ್ ನಗರದ ಬುಪ್ಯೋಂಗ್ ಮಾರುಕಟ್ಟೆಯಲ್ಲಿ, ಹಂದಿ ಕರುಳು ಬೇಯಿಸುವ ಅಂಗಡಿಯ ಮೇಲಿನ ಕೋಣೆ ಅವಳದು. ಹಳೇ ಟೇಪುಗಳನ್ನು ಕಂಪ್ಯೂಟರಿಗಿಳಿಸಿ, ಕತ್ತರಿಸಿ, ಜೋಡಿಸಿ ಕೊಡುವುದು ಕೆಲಸ. ಅದಕ್ಕೂ ಮುಂಚೆ ನಮ್ಮ ಎರಕದ ಕಾರ್ಖಾನೆಯಲ್ಲಿ ಅಚ್ಚಿನ ಮರಳು ತಟ್ಟುತ್ತಿದ್ದಳು. ಮುಷ್ಕರದಲ್ಲಿ ನಮ್ಮಿಬ್ಬರನ್ನೂ ಒಂದೇ ದಿನ ಹೊರಗೆ ತಳ್ಳಿದರು. ನಾನು ಕರಪತ್ರ ಹಿಡಿದೆ, ಅವಳು ಕ್ಯಾಮೆರಾ ಹಿಡಿದಳು. ಲಾಠಿ ಯಾವ ಕಡೆಯಿಂದ ಬರುತ್ತದೆಂದು ತಿಳಿಯದವನು ಚೆನ್ನಾಗಿ ಚಿತ್ರ ತೆಗೆಯಲಾರ ಎಂದು ಈಗಲೂ ಹೇಳುತ್ತಾಳೆ.

ಗುಂಡಗಿನ ಹುಚ್ಚು ಹತ್ತಿದ್ದು ಓಕ್‌ನಮ್ ಅಕ್ಕನ ಎಪ್ಪತ್ತನೇ ಹುಟ್ಟುಹಬ್ಬದಿಂದ. ಅಕ್ಕನ ಗಂಡ ದೊಕ್‌ಸು ನಮ್ಮ ಜೊತೆ ಎರಕ ಹೊಯ್ಯುತ್ತಿದ್ದವನು, ಶ್ವಾಸಕೋಶ ಕೆಟ್ಟು ಸತ್ತ. ನೆಲಮಾಳಿಗೆಯ ಮನೆಗೆ ನೀರು ನುಗ್ಗಿ ಫೋಟೊಗಳೆಲ್ಲ ಹೋಗಿದ್ದವು. ಉಳಿದದ್ದು ಒಂದು ಟೇಪು: ಕಾರ್ಮಿಕ ಸಂಘದ ಕ್ರೀಡಾದಿನ, ತಲೆಗೆ ಟೋಪಿ, ಕೈಯಲ್ಲಿ ಕಂಚಿನ ಜಾಗಟೆ, ಏಳು ನಿಮಿಷ. ಅಜ್ಜನನ್ನು ನೋಡಿಯೇ ಇರದ ಮೊಮ್ಮಕ್ಕಳಿಗೆ ಔತಣದ ದಿನ ಅದನ್ನು ತೋರಿಸಬೇಕು. ಅಕ್ಕ ಕೇಳಿದ್ದು ಅದೊಂದೇ.

ಅಕ್ಕನ ಮಗಳು ಹೆಜಿನ್ ಟೇಪನ್ನು ಗುಲಾಬಿ ರೇಷ್ಮೆ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು. ಮ್ಯೋಂಗ್‌ಹೀ ಇಳಿಸಿ ತೋರಿಸಿದಳು. ಔತಣದ ಸಭಾಂಗಣದ ಪರದೆ ಅಗಲ, ಹಳೇ ಚಿತ್ರ ಅಷ್ಟು ಅಗಲವಿಲ್ಲ. ಎರಡೂ ಪಕ್ಕ ಕಪ್ಪು ಪಟ್ಟಿ ಬಿತ್ತು.

ಹೆಜಿನ್ ಎದ್ದೇ ನಿಂತಳು. "ಅಯ್ಯೋ, ಏನಿದು ಚಿಕ್ಕಮ್ಮಾ! ಶವದ ಮುಂದಿಡೋ ಫೋಟೊಗೆ ಕರೀ ಪಟ್ಟಿ ಕಟ್ಟಿದ ಹಾಗಿದೆ. ಹಬ್ಬದ ದಿನ ಇದನ್ನ ಹಾಕಿದ್ರೆ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಊಟ ಬಿಟ್ಟು ಎದ್ದು ಹೋಗ್ತಾರೆ."

ಸತ್ತ ಸಂಗಾತಿಗಳ ಅಂಥ ಫೋಟೊಗಳನ್ನು ಎದೆಗವಚಿಕೊಂಡು ಮೆರವಣಿಗೆಯ ಮುಂದೆ ನಡೆದವಳು ಮ್ಯೋಂಗ್‌ಹೀ. ವಾದ ಮಾಡಲಿಲ್ಲ. ಚಿತ್ರವನ್ನು ಎರಡೂ ಕಡೆಗೆ ಎಳೆದು ಪರದೆ ತುಂಬಿಸಿದಳು.

ಮರುದಿನ ಓಕ್‌ನಮ್ ಅಕ್ಕ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ನೋಡಿದಳು. "ಯಾರೇ ಇವನು?"

"ನಿನ್ ಗಂಡ ಅಕ್ಕಾ."

"ನನ್ ಗಂಡ ಒಣಮೀನಿನ ಹಾಗಿದ್ದ. ಇವನು ಹಬೇಲಿ ಉಬ್ಬಿದ ಬನ್ನು. ಮ್ಯಾನೇಜರ್ ಥರ ಕಾಣ್ತಾನೆ! ಮೊಮ್ಮಕ್ಕಳಿಗೆ ಇವನನ್ನ ತೋರಿಸೋದಾದ್ರೆ ಏನೂ ತೋರಿಸೋದೇ ಬೇಡ."

ಮ್ಯೋಂಗ್‌ಹೀ ಎಳೆಯುವುದು ಬಿಟ್ಟು, ಅಗಲಕ್ಕೆ ಸರಿಯಾಗಿ ಹಿಗ್ಗಿಸಿ ಮೇಲೆ ಕೆಳಗೆ ಕತ್ತರಿಸಿದಳು. ಟೋಪಿ ಹೋಯಿತು, ಟೋಪಿಯ ಜೊತೆ ಹಣೆಯೂ ಹೋಯಿತು.

"ಪೊಲೀಸರೇ ಬಿಟ್ಟ ತಲೇನ ನೀನು ತೆಗೆದ್ಯಲ್ಲೇ," ಎಂದಳು ಅಕ್ಕ. "ಭಾನುವಾರ ಔತಣ. ಅಷ್ಟರೊಳಗೆ ಅವನನ್ನ ಅವನ ಹಾಗೆ ಮಾಡು."

ಅಕ್ಕ ಇಳಿದುಹೋದ ಮೇಲೂ ನಾನು ಪಕ್ಕದಲ್ಲೇ ಇದ್ದೆ. ಮ್ಯೋಂಗ್‌ಹೀ ಮೊದಲಿನ ಚಿತ್ರವನ್ನೇ ಮತ್ತೆ ಹಾಕಿ ತಲೆ ಓರೆ ಮಾಡಿ ನೋಡಿದಳು.

"ಎಳೆಯದೆ ಇದ್ರೂ ದಪ್ಪಗೇ ಇದ್ದಾನಲ್ಲ. ಯಾಕೆ?"

"ನಿನ್ ಕಣ್ಣಿಗೆ ವಯಸ್ಸಾಯ್ತು."

"ಬಾಯ್ಮುಚ್ಚು. ಆ ಅಳತೆಪಟ್ಟಿ ಕೊಡು."

ದೊಕ್‌ಸು ಜಾಗಟೆಯನ್ನು ನೇರ ಕ್ಯಾಮೆರಾಕ್ಕೆ ಹಿಡಿದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ ಅಳೆದಳು. ಎತ್ತರ ಎಂಟು ಸೆಂಟಿಮೀಟರ್, ಅಗಲ ಒಂಬತ್ತು. ಕಂಚುಗಾರ ಮೊಟ್ಟೆಯಾಕಾರದ ಜಾಗಟೆ ತಟ್ಟುವುದಿಲ್ಲವಲ್ಲ! ಹುಡುಕಿದಾಗ ಸಿಕ್ಕಿತು: ಹಳೇ ಟೇಪಿನಲ್ಲಿ ಚಿತ್ರ ಮೂಡಿಸುವ ಚುಕ್ಕೆಗಳು ಚೌಕವಲ್ಲ, ಬೆಳಗಿನ ರೈಲಿನಲ್ಲಿ ನಿಂತ ಕೂಲಿಗಳ ಹಾಗೆ ಇಕ್ಕಟ್ಟು, ಉದ್ದ. ಕಂಪ್ಯೂಟರು ಅವನ್ನು ಚೌಕವೆಂದು ತಿಳಿದು ಕೈಕಾಲು ಚಾಚಿಸಿ ಕೂರಿಸಿತ್ತು. ಚಿತ್ರದ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು ಎಂದು ತಿದ್ದಿದಳು. ಜಾಗಟೆ ಈಗ ಎಂಟಕ್ಕೆ ಎಂಟು.

ಕಪ್ಪು ಪಟ್ಟಿಯ ಜಾಗಕ್ಕೆ ಏನು ಹಾಕುವುದು? ಟೇಪು ಸುತ್ತಿ ಬಂದ ಗುಲಾಬಿ ಬಟ್ಟೆ ಮೇಜಿನ ಮೇಲೇ ಇತ್ತು. ಅದರದೇ ಫೋಟೊ ತೆಗೆದು ಎರಡೂ ಪಕ್ಕ ಹರಡಿದಳು. ಪರದೆಯ ಅಗಲ ಈಗ ಪೂರ್ತಿ ತುಂಬಿತು.

ಮುಗಿದ ಫೈಲು ಕಂಪ್ಯೂಟರಿನಿಂದ ಹೊರಗೆ ಬಂದಾಗ ದೊಕ್‌ಸು ಬಿದಿರಿನ ಕೋಲಿನ ಹಾಗೆ ಉದ್ದವಾಗಿದ್ದ. ನಾನು ನಕ್ಕೆ, ಅವಳು ನಗಲಿಲ್ಲ. ಕೆಲಸ ಮಾಡಿದ ಚೌಕಟ್ಟು ಅಗಲದ್ದು, ಹೊರಗೆ ಕಳಿಸುವ ಅಳತೆ ಮಾತ್ರ ಹಳೇ ಟೇಪಿನದೇ ಉಳಿದಿತ್ತು. ಒಳಗೂ ಹೊರಗೂ ಒಂದೇ ಅಳತೆ ಮಾಡಿದಳು: ೧೯೨೦ಕ್ಕೆ ೧೦೮೦.

"ಒಳಗೆ ಒಂದು ಮಾತು, ಹೊರಗೆ ಇನ್ನೊಂದು. ನಮ್ಮ ಹಳೇ ಸಂಘದ ಅಧ್ಯಕ್ಷನ ಹಾಗೇ," ಎಂದಳು.

ಭಾನುವಾರ ಮಧ್ಯಾಹ್ನ, ಅಕ್ಕಿ ಕಡುಬು, ಹಣ್ಣುಗಳ ಗೋಪುರದ ಹಿಂದೆ ಓಕ್‌ನಮ್ ಅಕ್ಕ ಕೂತಿದ್ದಳು. ಪರದೆ ಹೊತ್ತಿಕೊಂಡಿತು. ಎರಡೂ ಪಕ್ಕ ಗುಲಾಬಿ, ನಡುವೆ ದೊಕ್‌ಸು, ಕೆನ್ನೆಮೂಳೆ ಎದ್ದ ಮುಖ, ಟೋಪಿ ಸಮೇತ. ಹೆಜಿನ್‌ಳ ದೊಡ್ಡತ್ತೆ ಎದ್ದು ಹೋಗಲಿಲ್ಲ.

"ಅಜ್ಜ ಇಷ್ಟು ಸಣ್ಣ ಇದ್ರಾ ಅಜ್ಜೀ?" ಎಂದಳು ಮೊಮ್ಮಗಳು.

"ಸಂಬಳ ಸಣ್ಣದಿತ್ತು ಕಣೇ."

ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಮ್ಯೋಂಗ್‌ಹೀ ಚೀಲದಿಂದ ಬಡಗಿಯ ಅಳತೆ ಟೇಪು ತೆಗೆದು ಪರದೆಯ ಹತ್ತಿರ ಹೋಗಿ, ಜಾಗಟೆಯ ಮೇಲೆ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಹಿಡಿದಳು. ಎರಡೂ ಒಂದೇ. ಇನ್ನೊಮ್ಮೆ ಹಿಡಿದಳು.

"ಏ ಮ್ಯೋಂಗ್‌ಹೀ!" ಅಕ್ಕ ಕೂತಲ್ಲಿಂದಲೇ ಕೂಗಿದಳು. "ಅಳೆದಿದ್ದು ಸಾಕು, ಪಕ್ಕಕ್ಕೆ ಸರಿ. ಅವನು ಕಾಣ್ತಿಲ್ಲ."