ಮಮತ ಮುಟ್ಟದೆ ಬಿಟ್ಟ ಅಂಕಿ

ಬೆಂಗಳೂರು ಹತ್ತಿರದ ವಿಜಯಪುರದ ಮಮತ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹದಿನಾಲ್ಕು ವರ್ಷ ಬಿಸಿನೀರಿನ ಬಾಣಲೆ ಮುಂದೆ ಕೂತು ಗೂಡಿನಿಂದ ರೇಷ್ಮೆ ಬಿಚ್ಚಿದಳು. ಗಂಡ ಬೈರೇಶ್ ಗೂಡು ಹರಾಜಿನ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಹೋದ ವರ್ಷ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವನ ಕುರ್ಚಿ ಇವಳಿಗೆ ಬಂತು. ಅವನ ಪಕ್ಕ ಕೂತು ಒಂದಷ್ಟು ಕಲಿತಿದ್ದಳು. ಮಿಕ್ಕದ್ದು ಅವನ ನೋಟ್‌ಬುಕ್ಕಿನಲ್ಲಿತ್ತು.

ಹರಾಜು ಮೊಬೈಲಿನಲ್ಲಿ ನಡೆಯುತ್ತದೆ. ಗೂಡು ಕೊಳ್ಳುವವರು ಒತ್ತಿದ ದರವೆಲ್ಲ ಸೊಸೈಟಿಯ ದೊಡ್ಡ ಕಂಪ್ಯೂಟರಿಗೆ ಬರುತ್ತದೆ. ಅದರ ಹೊಟ್ಟೆಯೊಳಗೆ ಕೈಗೆ ಸಿಗದ ಇನ್ನೊಂದು ಕಂಪ್ಯೂಟರ್ ಇದೆ, ಲಿನಕ್ಸ್‌ನದು. ವರ್ಚುವಲ್ ಮಶೀನ್ ಅನ್ನುತ್ತಾರೆ. ಗೂಡು ಹೆಚ್ಚು ಬಂದಾಗಿನಿಂದ ಅದು ತಿಣುಕುತ್ತಿತ್ತು. ಒತ್ತಿದ ದರ ನಿಮಿಷ ಕಳೆದು ಕಾಣುತ್ತಿತ್ತು.

"ನೋಡಮ್ಮ, ಗುರುವಾರವೂ ಹಿಂಗೇ ನಿಂತ್ರೆ ಬೆಂಗಳೂರಿಂದ ಬೇರೆಯೋರ್ನ ಕೂರಿಸ್ಬೇಕಾಯ್ತದೆ," ಅಂದರು ಕಾರ್ಯದರ್ಶಿ ಆದಿನಾರಾಯಣಪ್ಪ.

ಮಮತ ಒಳಗೆ ನೋಡಿದಳು. ಪ್ರೊಸೆಸರ್ ನಾಲ್ಕಿದ್ದವು. ಹೊರಗಿಂದ ಬಂದ ದರ ಸಾಲು ನಿಲ್ಲುವ ನೆಟ್‌ವರ್ಕಿನ ಕ್ಯೂ ಮಾತ್ರ ಒಂದೇ. ಬಂದದ್ದೆಲ್ಲ ಒಂದರ ತಲೆ ಮೇಲೆ ಬೀಳುತ್ತಿತ್ತು. ಮೂರು ಸುಮ್ಮನೆ ಕೂತಿದ್ದವು. ಹೊರಗಿನ ಕಂಪ್ಯೂಟರಿನಲ್ಲಿ ನಾಲ್ಕು ಕ್ಯೂ ಕೊಟ್ಟು, ಒಳಗಿನದನ್ನು ಆಫ್ ಮಾಡಿ ಮತ್ತೆ ಶುರುಮಾಡಿದಳು. ಒಳಗೆ ಕೇಳಿದರೆ ಅದೇ ಉತ್ತರ: ನಾಲ್ಕು ಆಗಬಹುದು, ನಡೆಯುತ್ತಿರುವುದು ಒಂದು. ಎರಡು ದಿನ ಹೊರಗಿನದನ್ನೇ ತಿರುಗಾಮುರುಗಾ ಮಾಡಿದಳು.

ಬುಧವಾರ ಮಧ್ಯಾಹ್ನ ಕದಿರಮ್ಮ ಮುದ್ದೆ, ಸಾರು ತಂದಳು. ಬಾಣಲೆ ಕೆಲಸದ ಜೊತೆಗಾತಿ.

"ಏನೇ, ಕುರ್ಚಿ ಸಿಕ್ತು ಅಂತ ನಮ್ಮನ್ನ ಮರ್ತೇಬಿಟ್ಯಾ?"

"ಬಾಯ್ ಮುಚ್ಚೇ. ಕುರ್ಚಿನೇ ಹೋಗಂಗೈತೆ."

"ಎಲ್ಲಿ ತಪ್ಪು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಗೈತೆ. ಬೆಳಿಗ್ಗೆ ಒಳಗಡೆ ಹುಡುಕ್ದೆ. ಶುರುವಾದಾಗೆಲ್ಲ ಕ್ಯೂ ಒಂದೇ ಇರ್ಲಿ ಅಂತ ನಮ್ ಯಜಮಾನ್ರೇ ಅಲ್ಲಿ ಬರೆದಿಟ್ಟವ್ರೆ. ಆವಾಗ ಪ್ರೊಸೆಸರ್ ಒಂದೇ ಇತ್ತು."

"ಮತ್ತೆ ಬದಲಾಯ್ಸು."

"ಅವ್ರ ಬಾಣಲೆ ಕಣೇ ಅದು."

ನೂಲು ಬಿಚ್ಚಾಣಿಕೆಯ ಹೆಂಗಸರಲ್ಲಿ ಒಬ್ಬಳ ಬಾಣಲೆಗೆ ಇನ್ನೊಬ್ಬಳು ಕೈ ಹಾಕುವುದಿಲ್ಲ. ಅವಳು ಬರುವ ತನಕ ಎಳೆ ಹಾಗೇ ಇರುತ್ತದೆ.

ಕದಿರಮ್ಮ ಮುದ್ದೆ ಮುರಿದಳು. "ಮುನಿವೆಂಕಟಮ್ಮ ಸತ್ತಾಗ ಅವಳ ಬಾಣಲೆ ಹಿಡಿದೋಳು ಯಾರು? ನೀನೇ. ಎಳೆ ಕಿತ್ತು ಬಿಸಾಕಿದ್ಯಾ? ಅದೇ ಎಳೆಗೆ ನಿನ್ನೆಳೆ ಗಂಟು ಹಾಕಿ ಸುತ್ಲಿಲ್ವಾ?"

ಮಮತ ಕೈ ತೊಳೆದು ಬಂದು ಬೈರೇಶ್ ಬರೆದದ್ದನ್ನು ತೆರೆದಳು. ಅಳಿಸಲಿಲ್ಲ. ಅದರ ಮುಂದೆ ಒಂದು ಗುರುತು ಹಾಕಿದಳು. ಆ ಗುರುತಿದ್ದರೆ ಮಶೀನ್ ಅದನ್ನು ದಾಟಿ ಹೋಗುತ್ತದೆ, ಬರಹ ಮಾತ್ರ ಉಳಿಯುತ್ತದೆ. ಕೆಳಗೆ ತಾನು ಕ್ಯೂ ನಾಲ್ಕು ಅಂತ ಬರೆದಳು.

ಗುರುವಾರ ಒತ್ತಿದ ದರ ಒತ್ತಿದ ಹಾಗೇ ಕಂಡಿತು. ನಾಲ್ಕೂ ಪ್ರೊಸೆಸರ್ ದುಡಿದವು. ಹನ್ನೊಂದಕ್ಕೇ ಗೂಡೆಲ್ಲ ಖಾಲಿ.

"ಬೆಂಗಳೂರಿನೋರು ಯಾವಾಗ ಬರ್ತಾರೆ ಸಾರ್?" ಅಂದಳು.

"ಯಾವ ಬೆಂಗಳೂರಿನೋರಮ್ಮ? ಹೋಗು, ಟೀ ಕುಡಿ," ಅಂದರು ಆದಿನಾರಾಯಣಪ್ಪ.

ಟೀ ಆಮೇಲೆ ಕುಡಿದಳು. ಮೊದಲು ನೋಟ್‌ಬುಕ್ಕಿನಲ್ಲಿ ಬೈರೇಶನ ಕೊನೆಯ ಬರಹದ ಕೆಳಗೆ ತಾರೀಕು ಹಾಕಿ ಬರೆದಳು: ಹೊರಗೆ ನಾಲ್ಕು ಕೊಟ್ಟರೆ ಸಾಲದು. ಒಳಗೂ ಹೇಳಬೇಕು.