ಚಿಕ್ಕಪ್ಪ ಕೊಂಡ ಸೇವಂತಿಗೆ

ಗೆಳೆಯರೇ, ಹೂ ಬೆಳೆದೇ ಬದುಕಿದ ನಮ್ಮ ಚಿಕ್ಕಪ್ಪ ಇವತ್ತು ಮಾಗಡಿ ಪೇಟೆಯಲ್ಲಿ ದುಡ್ಡು ಕೊಟ್ಟು ಹೂ ಕೊಂಡರು!

ಲಾಕ್‌ಡೌನಿನಲ್ಲಿ ಕೇಳುವವರಿಲ್ಲದೆ, ಅರಳಿದ ಸೇವಂತಿಗೆಯನ್ನೆಲ್ಲ ಟ್ರ್ಯಾಕ್ಟರ್ ಬಿಟ್ಟು ಉತ್ತುಹಾಕಿದ್ದರು. ಹೂ ಬೆಳೆಗಾರರಿಗೆ ಸರ್ಕಾರದ ಪರಿಹಾರ ಬರುತ್ತದೆ, ಆಧಾರ್ ನಂಬರ್ ಹೇಳಿ ಎಂದು ತೋಟಗಾರಿಕೆ ಸಾಹೇಬರು ಫೋನ್ ಮಾಡಿದರೆ, "ಯಾರ್ಲಾ ನೀನು, ಓಟಿಪಿ ಕಳ್ಳ!" ಎಂದು ಚಿಕ್ಕಪ್ಪ ಬೈದು ಫೋನ್ ಇಟ್ಟಿದ್ದರು. ಪಾಪ, ಸಾಹೇಬರೇ ಮನೆಗೆ ಬಂದು ಬರೆದುಕೊಂಡು ಹೋದರು. ಇವತ್ತು ಬೆಳಿಗ್ಗೆ ದುಡ್ಡು ಖಾತೆಗೆ ಬಿತ್ತು.

"ಬೈದೋನ ಮನೆ ಬಾಗ್ಲಿಗೇ ಬಂದ ಪುಣ್ಯಾತ್ಮ ಕಣ್ಲಾ. ಸಾಹೇಬ್ರ ತಾವ ಬರಿಗೈಲಿ ಎಂಗೆ ಓಗದು? ಒಂದು ಹಾರ ತಕಳಾನ ನಡಿ" ಎಂದರು ಚಿಕ್ಕಪ್ಪ.

ಹೂವಿನಂಗಡಿಯಲ್ಲಿ ಸೇವಂತಿಗೆ ಹಾರದ ರೇಟು ಕೇಳಿ ಬೆಚ್ಚಿದರು. "ಇದೇನವ್ವ, ಇಷ್ಟೊಂದಾ?"

"ಬೆಳ್ದೋರೆಲ್ಲ ಉತ್ತಾಕ್ಬುಟ್ಟವ್ರೆ ಕಣಣ್ಣ. ಹೂ ಎಲ್ಲೈತೆ?" ಎಂದಳು ಅಂಗಡಿಯಾಕೆ.

ಚಿಕ್ಕಪ್ಪ ಅವಳು ಕೇಳಿದಷ್ಟು ಎಣಿಸಿ ಕೊಟ್ಟರು.

ಆಫೀಸಿನಲ್ಲಿ ಹಾರ ಹಾಕಿಸಿಕೊಂಡ ಸಾಹೇಬರ ಮುಖವೂ ಅರಳಿತು. "ಎಷ್ಟು ಚೆನ್ನಾಗಿದೆ ಯಜಮಾನ್ರೇ! ನಿಮ್ಮ ತೋಟದ್ದಾ?"

"ಊಂ ಸಾ, ನಮ್ದೇಯ."

ಪೂರಾ ಸುಳ್ಳೇನಲ್ಲ ಬಿಡಿ. ಆ ತೋಟದ ದುಡ್ಡಲ್ಲೇ ತಾನೇ ತಂದದ್ದು?