ಸರ್ ದನಿ, ಉಸುಕಿನ ಚೀಲ

ಸರ್ ದನಿಯಲ್ಲಿ ಮಾತಾಡಿ ಎಲ್ಲರನ್ನೂ ನಡುದಾರಿಯಲ್ಲಿ ಕೂರಿಸಿದ ಮಂಗ್ಯಾ ನಾನೇ. ಬೆಳಗಾವಿಯ ನಮ್ಮ ಕಾಲೇಜಿನಿಂದ ಕಾಡಿನ ಚಾರಣಕ್ಕೆ ಹೋಗುವವರ ಆಯ್ಕೆಯನ್ನು ನಮ್ಮ ಆಟದ ಸರ್ ಖಾನಾಪುರದಲ್ಲಿ ನಡೆಸಿದ್ದರು. ಮೈತೂಕದ ಕಾಲುಭಾಗ ಉಸುಕು ತುಂಬಿದ ಚೀಲ ಹೊತ್ತು ಊರಾಚೆಯ ಗುಡ್ಡ ಹತ್ತಬೇಕು; ನಡುವೆ ಕುಂತವರು ಔಟ್. ಮೈ ತೂಗಿಸಲು ಅಕ್ಕಿ ಅಂಗಡಿಯ ಕಾಟಾದ ಮೇಲೆ ನಾನು ನಿಂತಾಗ ಅಂಗಡಿಯವರು, "ಇದು ಎರಡು ಚೀಲದ ಮಾಲ್ ಐತ್ರಿ" ಅಂದರು. ನನ್ನ ಹೊಟ್ಟೆಯ ಲೆಕ್ಕದಲ್ಲೇ ಉಸುಕೂ ಬಿತ್ತು. ಕಡ್ಡಿಯಂಥ ಗೆಳೆಯ ಸಲೀಮನ ಬೆನ್ನಿಗೆ ಮಾತ್ರ ಸಾಲಿ ಹುಡುಗರ ಪಾಟಿಚೀಲದಷ್ಟು.

ಅರ್ಧ ಏರಿನಲ್ಲಿ ಚೀಲದ ಭಾರ ತಡೆಯದಾದೆ. ಸರ್ ಹಿಂದಿನ ತಿರುವಿನಲ್ಲಿ ಮರೆಯಾಗಿದ್ದರು. ಅವರದೇ ಮೂಗುದನಿಯಲ್ಲಿ, "ಏ ಸಾಕ್ರಲೇ, ಕುಂದರ್ರಿ, ಎಲ್ಲಾರೂ ಪಾಸ್" ಅಂದೆ. ಮುಂದಿದ್ದವರೆಲ್ಲ ಚೀಲದ ಸಮೇತ ಧೊಪ್ಪನೆ ಕುಂತರು. ನಾನೂ ಕುಂತೆ.

ಸರ್ ಏದುಸಿರು ಬಿಡುತ್ತ ಬಂದು, "ಯಾರ್ ಹೇಳಿದ್ರು ಕುಂದ್ರಾಕ? ಎಲ್ಲಾರೂ ಔಟ್" ಅಂದರು. ಈ ಚಾರಣಕ್ಕೆಂದೇ ದಿನಾ ಬೆಳಿಗ್ಗೆ ಓಡಿ ಮೈ ಹದ ಮಾಡಿಕೊಂಡಿದ್ದ ಸಲೀಮ, "ನೀವ ಹೇಳಿದ್ರಲ್ರಿ ಸರ್" ಅನ್ನುತ್ತ ಕಣ್ಣು ತುಂಬಿಕೊಂಡ. ಅವನ ಮುಖ ನೋಡಲಾಗದೆ, ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಅಂದು ತೋರಿಸಿದೆ. ಯಾರೂ ನಗಲಿಲ್ಲ. ನಗುವಷ್ಟು ಉಸಿರು ಯಾರಲ್ಲೂ ಉಳಿದಿರಲಿಲ್ಲ.

ಸರ್ ಹಣೆ ಒರೆಸಿಕೊಂಡು, "ನನ್ನ ದನಿ ಕೇಳಿ ಕುಂತಾವ್ರು ಎದ್ದು ನಡೀರಿ" ಅಂದರು. ಆಮೇಲೆ ನನ್ನತ್ತ ತಿರುಗಿದರು.

"ನನ್ನ ದನೀನ ಹೊತ್ತಾಂವ ನೀ, ನಿನಗ ಉಸುಕೇನ್ ವಜ್ಜಾ ಆಗೂದಿಲ್ಲ. ಹೊತ್ಕೊಂಡು ಕೆಳಗ ಇಳಿ."